ಕಿವುಡೂರಿನ ಹುಡುಗಿ, ನಾಳೆಪುರದ ಮೈಕು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಡಿಪೋ ವ್ಯವಸ್ಥಾಪಕರೇ, ಮುಖ್ಯ ಅತಿಥಿಗಳಾಗಿ ಬಂದು ಇಷ್ಟು ಹೊತ್ತು ಮನಮುಟ್ಟುವಂತೆ ಮಾತಾಡಿದ ನಗರಸಭೆಯ ಅಧ್ಯಕ್ಷರೇ, ಕಾರ್ಮಿಕ ಸಂಘದ ಕಾರ್ಯದರ್ಶಿಗಳೇ, ಡ್ರೈವರ್ ಕಂಡಕ್ಟರ್ ಮಿತ್ರರೇ, ಗ್ರೀಸು ಕೈ ತೊಳೆದುಕೊಂಡು ಬಂದಿರುವ ಮತ್ತು ತೊಳೆಯದೆ ಹಾಗೆಯೇ ಬಂದಿರುವ ವರ್ಕ್‌ಶಾಪಿನವರೇ, ಕ್ಯಾಂಟೀನಿನವರೇ, ನಮ್ಮ ಬೀದಿಯಿಂದ ಬಂದಿರುವ ಅಕ್ಕತಂಗಿಯರೇ, ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿರುವ ನನ್ನ ಅಣ್ಣನೇ, ಬಸ್ಸು ತಡವಾದ್ದರಿಂದ ಫ್ಯಾನಿನ ಗಾಳಿಗೆಂದು ಒಳಗೆ ಬಂದಿರುವ ಒಂದಿಬ್ಬರು ಪ್ರಯಾಣಿಕರೇ, ಸಭಿಕರೇ.

ನನಗೆ ಮೈಕು ಹೊಸದಲ್ಲ. ಆದರೆ ಇಷ್ಟು ವರ್ಷ ನಾನು ಮಾತಾಡಿದ್ದು ಕಂಟ್ರೋಲ್ ರೂಮಿನ ಮೇಲಿನ ಗಾಜಿನ ಗೂಡಿನೊಳಗೆ ಕೂತು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಬಸ್ಸುಗಳ ತಲೆ, ಜನರ ನಡುನೆತ್ತಿ, ಮತ್ತು ಮೂರನೇ ಪ್ಲಾಟ್‌ಫಾರಂನ ಪಕ್ಕದಲ್ಲಿ ಸದಾ ಸೋರುವ ಒಂದು ನಲ್ಲಿ. ಮುಖ ನೋಡಿಕೊಂಡು ಮಾತಾಡಿ ನನಗೆ ಅಭ್ಯಾಸವಿಲ್ಲ. ಪ್ರತಿಯೊಂದನ್ನೂ ಎರಡೆರಡು ಸಲ ಹೇಳುವ ಅಭ್ಯಾಸ ಮಾತ್ರ ಇದೆ. ಆದ್ದರಿಂದ ನಾನು ಹೇಳಿದ್ದನ್ನೇ ಮತ್ತೆ ಹೇಳಿದರೆ ಇವಳಿಗೆ ವಯಸ್ಸಾಯಿತು ಎಂದುಕೊಳ್ಳಬೇಡಿ, ಕಸುಬು ಎಂದುಕೊಳ್ಳಿ.

ನಗರಸಭೆಯ ಅಧ್ಯಕ್ಷರು ಈಗಷ್ಟೇ ಒಂದು ಮಾತು ಹೇಳಿದರು. ನಮ್ಮ ಊರನ್ನು ಸುತ್ತಲಿನ ಊರಿನವರೆಲ್ಲ 'ನಾಳೆಪುರ' ಎಂದು ಗೇಲಿ ಮಾಡುತ್ತಾರೆ, ಇದು ನಮಗೆಲ್ಲ ಅವಮಾನ, ಈ ಹೆಸರನ್ನು ಬೇರುಸಹಿತ ಕಿತ್ತೊಗೆಯಬೇಕು, ಊರಿನ ಬಾಗಿಲಲ್ಲಿ 'ಪ್ರಗತಿಯ ಹೆಬ್ಬಾಗಿಲು' ಎಂದು ಬರೆದ ಕಮಾನು ಏಳಲಿದೆ ಎಂದರು. ನೀವೆಲ್ಲ ಚಪ್ಪಾಳೆ ಹೊಡೆದಿರಿ. ನಾನೂ ಹೊಡೆದೆ. ಕಮಾನು ಯಾವಾಗ ಏಳುತ್ತದೆ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಸ್ವಾಮಿ, ಇದೂ ಒಂದು ಕೇಳುವ ಪ್ರಶ್ನೆಯೇ? ಯಾವಾಗ ಎಂದು ನಿಮಗೂ ಗೊತ್ತು, ನನಗೂ ಗೊತ್ತು, ಅಧ್ಯಕ್ಷರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ನೋಡಿ, ಅವರೂ ನಗುತ್ತಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ ಸಾರ್, ನಿವೃತ್ತಿಯ ದಿನ ಹೆಂಗಸಿಗೆ ಸ್ವಲ್ಪ ಸದರ ಜಾಸ್ತಿ.

ನಾನು ನನ್ನ ಸೇವೆಯ ಬಗ್ಗೆ ಮಾತಾಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದರು. ಆದರೆ ನನ್ನ ಸೇವೆ ಎಂದರೇನು? ಊರುಗಳ ಹೆಸರು ಕೂಗುವುದು. ಅಷ್ಟೇ. ಸರ್ಕಾರಿ ಹೆಸರುಗಳನ್ನು ಕೂಗಿ ಕೂಗಿ ನನ್ನ ಗಂಟಲು ಸವೆದಿದೆ. ಇವತ್ತು ಒಂದು ದಿನ ಅವಕ್ಕೆ ರಜೆ. ಇವತ್ತು ನಾನು ಊರುಗಳನ್ನು ನಾವು ಒಳಗೊಳಗೆ ಏನೆಂದು ಕರೆಯುತ್ತೇವೋ ಹಾಗೆಯೇ ಕರೆಯುತ್ತೇನೆ.

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಂಟ್ರೋಲ್ ರೂಮಿನಲ್ಲಿ ಯಾವ ಊರಿಗೂ ಅದರ ಸರಿಯಾದ ಹೆಸರು ಹೇಳುವ ಪದ್ಧತಿಯಿಲ್ಲ. ಕೆಳಗೆ ಹತ್ತಾರು ಇಂಜಿನ್ನುಗಳು ಗುರುಗುಟ್ಟುತ್ತಿರುತ್ತವೆ, ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಕೂಗುತ್ತಾನೆ, ಕಂಟ್ರೋಲರು ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಾರೆ. ಈ ಗದ್ದಲದಲ್ಲಿ ಉದ್ದುದ್ದ ಸರ್ಕಾರಿ ಹೆಸರು ಯಾರಿಗೆ ಬೇಕು? ಆದ್ದರಿಂದ ರಾಜಧಾನಿಗೆ ಹೋಗುವ ಬಸ್ಸು ನಮಗೆ 'ದೊಡ್ಡಪ್ಪನೂರು'. ಯಾಕೆ? ದೊಡ್ಡಪ್ಪನ ಮನೆಗೆ ಹೋದರೆ ಏನು ಸಿಗುತ್ತದೆ? ಬುದ್ಧಿಮಾತು. ರಾಜಧಾನಿಯಲ್ಲೂ ಅದೇ. ಬಯಲಿನ ಕಡೆಯ ಊರುಗಳೆಲ್ಲ ಸೇರಿ 'ಬೆವರುಸೀಮೆ'. ಗುಡ್ಡದ ಕಡೆಯವೆಲ್ಲ 'ಕಂಬಳಿಸೀಮೆ', ಅಲ್ಲಿಯವರು ಸುಡುಬಿಸಿಲಲ್ಲೂ ಕಿವಿಗೆ ಬಟ್ಟೆ ಸುತ್ತಿಕೊಂಡೇ ಬಸ್ಸು ಇಳಿಯುತ್ತಾರೆ. ನದಿ ದಾಟಿದರೆ 'ಅಳಿಯಪಟ್ಟಣ', ಆ ಊರಿನ ಹೆಣ್ಣನ್ನು ಮದುವೆಯಾದ ಯಾವ ಗಂಡಸೂ ವಾಪಸು ಬಂದ ದಾಖಲೆಯಿಲ್ಲ. ಕೋರ್ಟುಗಳಿರುವ ಊರು 'ವಕೀಲಪೇಟೆ', ಅಲ್ಲಿ ಅರ್ಧ ಟಿಕೆಟಿನ ಮಗುವೂ ಕಂಡಕ್ಟರಿಗೆ ಕಾನೂನು ಹೇಳುತ್ತದೆ. ಇನ್ನು ಒಂದು ಊರಿದೆ, ಅಲ್ಲಿ ಯಾರ ಮನೆಗೆ ಹೋದರೂ ಬಾಗಿಲಲ್ಲೇ ನಿಲ್ಲಿಸಿ, "ಊಟ ಆಯ್ತಲ್ಲ?" ಎನ್ನುತ್ತಾರಂತೆ. "ಊಟ ಆಯ್ತಾ" ಅಲ್ಲ, ಗಮನಿಸಿ. "ಆಯ್ತಲ್ಲ?" ಆ ಊರಿಗೆ ನಮ್ಮಲ್ಲಿ ಇಟ್ಟ ಹೆಸರು 'ಊಟ-ಆಯ್ತಲ್ಲ'.

ಆಗಲೇ ಹಳೆಯ ಡ್ರೈವರುಗಳು ಒಬ್ಬರನ್ನೊಬ್ಬರು ತಿವಿಯುತ್ತಿದ್ದಾರೆ. ನಾನು ಆ ಕಥೆ ಹೇಳದೆ ಕೂತುಕೊಳ್ಳಲು ಇವರು ಬಿಡುವುದಿಲ್ಲ. ಹೇಳುತ್ತೇನೆ, ಸುಮ್ಮನಿರಿ.

ನಾನು ಕೆಲಸಕ್ಕೆ ಸೇರಿದ ಹೊಸತು. ದಿನವಿಡೀ ಕಿವಿಗೆ ಬೀಳುತ್ತಿದ್ದದ್ದು ಈ ಅಡ್ಡಹೆಸರುಗಳೇ. ಒಂದು ಮಧ್ಯಾಹ್ನ ನಿಲ್ದಾಣ ಕಿಕ್ಕಿರಿದಿತ್ತು. ನಾನು ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ, "ಪ್ರಯಾಣಿಕರ ಗಮನಕ್ಕೆ, ಊಟ-ಆಯ್ತಲ್ಲಕ್ಕೆ ಹೊರಡುವ ಬಸ್ಸು ಐದನೇ ಪ್ಲಾಟ್‌ಫಾರಂನಲ್ಲಿ ನಿಂತಿದೆ," ಎಂದೆ. ಕಸುಬು ನೋಡಿ, ಎರಡನೇ ಸಲವೂ ಎಂದೆ. ಆಮೇಲೆ ಏನಾಯಿತು ಗೊತ್ತೇ? ಆ ಊರಿನವರೆಲ್ಲ ಒಬ್ಬರೂ ತಪ್ಪದಂತೆ ಚೀಲ ಎತ್ತಿಕೊಂಡು ಐದನೇ ಪ್ಲಾಟ್‌ಫಾರಂ ಕಡೆ ನಡೆದರು! ಒಬ್ಬ ಯಜಮಾನರು ಮಾತ್ರ ಮೆಟ್ಟಿಲು ಹತ್ತಿ ನನ್ನ ಗೂಡಿನ ಗಾಜು ಬಡಿದರು.

"ಯಾರಮ್ಮ ಅದು, ನಮ್ಮೂರಿಗೆ ಹಾಗಂದಿದ್ದು?"

"ನಾನೇ ಸಾರ್. ಬಾಯ್ತಪ್ಪಿ ಬಂತು, ತಪ್ಪಾಯ್ತು," ಎಂದೆ.

"ನಿಮ್ದು ಯಾವೂರು?"

ನನ್ನ ಊರಿನ ಸರ್ಕಾರಿ ಹೆಸರು ಬಾಯಿಗೆ ಬರಲಿಲ್ಲ. "ಕಿವುಡೂರು ಸಾರ್," ಎಂದುಬಿಟ್ಟೆ.

ಅವರ ಮುಖ ಸಡಿಲಾಯಿತು. "ಮೊದ್ಲೇ ಹೇಳ್ಬಾರ್ದಾ. ಅಲ್ಲಿಯವರ ಹತ್ರ ಜಗಳ ಆಡಿ ಪ್ರಯೋಜನ ಇಲ್ಲ, ಕೇಳ್ಸಲ್ಲ," ಎಂದು ನಕ್ಕರು. ಹೋಗುವಾಗ ತಿರುಗಿ ನಿಂತು, "ನಮ್ಮೂರಿಗೂ ಒಂದ್ಸಲ ಬನ್ನಿ. ಊಟ ಮುಗಿಸ್ಕೊಂಡೇ ಬನ್ನಿ," ಎಂದರು.

ಮೇಲಧಿಕಾರಿಗಳು ನನ್ನಿಂದ ವಿವರಣೆ ಕೇಳಿದರು, ಅದು ಬೇರೆ ಮಾತು. ಆದರೆ ಆ ಯಜಮಾನರು ನನಗೆ ಒಂದು ಪಾಠ ಕಲಿಸಿ ಹೋದರು. ಅಡ್ಡಹೆಸರಿಗೆ ಒಂದು ಕಟ್ಟಳೆಯಿದೆ. ನಿನ್ನ ಊರಿನ ಅಡ್ಡಹೆಸರನ್ನು ನೀನು ಮೊದಲು ಮುಂದಿಟ್ಟರೆ ಮಾತ್ರ ನನ್ನ ಊರಿನ ಅಡ್ಡಹೆಸರನ್ನು ಮುಟ್ಟಬಹುದು. ಬರಿಗೈಯಲ್ಲಿ ಬಂದು ಗೇಲಿ ಮಾಡುವ ಹಾಗಿಲ್ಲ.

ಕಿವುಡೂರು ಎಂದಾಗ ಹೊರಗಿನವರು ನಗುತ್ತಾರೆ. ನಗಲಿ. ನನ್ನ ಊರು ಮಗ್ಗಗಳ ಊರು. ಹುಟ್ಟಿದಾಗಿನಿಂದ ನನ್ನ ಕಿವಿಯಲ್ಲಿ ಇದ್ದದ್ದು ಮಿಲ್ಲಿನ ಖಟಪಟ. ಒಂದು ಶೆಡ್ಡಿನಲ್ಲಿ ನೂರು ಮಗ್ಗ ಓಡುತ್ತಿದ್ದರೆ ಪಕ್ಕದವನು ಹೆಸರು ಹಿಡಿದು ಕೂಗಿದರೂ ಕೇಳುವುದಿಲ್ಲ. ಆದ್ದರಿಂದ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಪ್ರೀತಿ ಮಾಡುವವರೂ ಕೂಗುತ್ತಾರೆ, ಗುಟ್ಟು ಹೇಳುವವರೂ ಕೂಗುತ್ತಾರೆ. ನಮ್ಮ ಬೀದಿಯಲ್ಲಿ ಯಾವ ಮನೆಯ ಗುಟ್ಟೂ ಗುಟ್ಟಾಗಿ ಉಳಿದದ್ದಿಲ್ಲ. ಅಪ್ಪ ತೀರಿಕೊಂಡಾಗ ನಾನಿನ್ನೂ ಫ್ರಾಕು ಹಾಕುತ್ತಿದ್ದೆ. ಅಪ್ಪನ ಮಗ್ಗಕ್ಕೆ ಅಣ್ಣ ನಿಂತ. ನಾನು ಶಾಲೆ ಮುಗಿಸಿ ಅವನಿಗೆ ಊಟದ ಡಬ್ಬಿ ಒಯ್ಯುತ್ತಿದ್ದೆ. ಶೆಡ್ಡಿನ ಈ ತುದಿಯ ಬಾಗಿಲಲ್ಲಿ ನಿಂತು ನಾನು ಕೂಗಬೇಕು, ಆ ತುದಿಯಲ್ಲಿರುವ ಅವನಿಗೆ ಕೇಳಬೇಕು. ಮೊದಮೊದಲು ಕೇಳುತ್ತಿರಲಿಲ್ಲ. ಅವನು ಹೊರಗೆ ಬಂದು ಹೇಳಿಕೊಟ್ಟ. "ಗಂಟ್ಲಿಂದ ಕಿರುಚಬೇಡ ಪುಟ್ಟಿ, ಹರಿದುಹೋಗುತ್ತೆ. ಹೊಟ್ಟೆಯಿಂದ ಕೂಗು. ಒಂದೊಂದೇ ಅಕ್ಷರ ಬಿಡಿಸಿ ಕೂಗು." ಈ ಕೆಲಸದ ಸಂದರ್ಶನದಲ್ಲಿ ಅಧಿಕಾರಿಗಳು, "ಮೈಕು ಕೆಟ್ಟುಹೋದರೆ ಏನು ಮಾಡ್ತೀರಿ?" ಎಂದು ಕೇಳಿದರು. ನಾನು ಎದ್ದುನಿಂತು ಹೊಟ್ಟೆಯಿಂದ ಕೂಗಿ ತೋರಿಸಿದೆ. ಹೊರಗೆ ಕಾಯುತ್ತಿದ್ದ ಅಭ್ಯರ್ಥಿಗಳಲ್ಲಿ ಇಬ್ಬರು ಮನೆಗೆ ಹೋದರಂತೆ. ಹಾಗಾಗಿ ಈ ನೌಕರಿಯನ್ನು ನನಗೆ ಕೊಡಿಸಿದವನು ನನ್ನ ಅಣ್ಣ. ಸಭೆಗೆ ಇದು ಗೊತ್ತಿರಬೇಕು.

ಹೀಗೆ ಕಿವುಡೂರಿನಿಂದ ನಾಳೆಪುರಕ್ಕೆ ಬಂದೆ. ಬಂದ ಎರಡನೇ ದಿನವೇ ನಮ್ಮ ಕ್ಯಾಂಟೀನಿನಲ್ಲಿ, ಟೀ ತಡವಾಯಿತೆಂದು, "ನಿಮ್ಮ ನಾಳೆಪುರದಲ್ಲಿ ಟೀ ಕೂಡ ನಾಳೆನೇ ಬರುತ್ತಾ?" ಎಂದೆ. ತಮಾಷೆಗೆ ಅಂದದ್ದು. ಎದುರಿಗೆ ಕೂತಿದ್ದ ಹಿರಿಯ ಕಂಡಕ್ಟರು ಕೈಯಲ್ಲಿದ್ದ ಲೋಟ ಪಕ್ಕಕ್ಕೆ ಸರಿಸಿದರು. "ಅಮ್ಮಾ, ನೀವು ಬಂದು ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ," ಎಂದರು. ಅಷ್ಟೇ ಅಂದದ್ದು. ಅದೇ ಕಂಡಕ್ಟರು ಹತ್ತು ನಿಮಿಷದ ಹಿಂದೆ, "ಈ ದರಿದ್ರ ನಾಳೆಪುರದಲ್ಲಿ ಹುಟ್ಟಿದ್ದೇ ನಮ್ ಕರ್ಮ," ಎಂದು ಎಲ್ಲರನ್ನೂ ನಗಿಸಿದ್ದರು! ಅವರಂದರೆ ನಗು, ನಾನಂದರೆ ಮುಖ ಗಂಟು. ನನಗೆ ಅಳು ಬಂತು. ಟೀ ಬಂದರೂ ಕುಡಿಯಲಿಲ್ಲ.

ಸಾಯಂಕಾಲ ವರ್ಕ್‌ಶಾಪಿನ ಪಕ್ಕ ಹಾದುಹೋಗುವಾಗ ಬಸ್ಸಿನ ಅಡಿಯಿಂದ ಒಂದು ದನಿ ಬಂತು. ಎರಡು ಕಾಲು ಮಾತ್ರ ಕಾಣುತ್ತಿತ್ತು.

"ರೀ ಕಿವುಡೂರು, ಆ ಸ್ಪ್ಯಾನರ್ ಸ್ವಲ್ಪ ಈ ಕಡೆ ತಳ್ಳಿ."

ನನಗೆ ಮೈಯೆಲ್ಲ ಉರಿಯಿತು. ಸ್ಪ್ಯಾನರನ್ನು ಕಾಲಿನಿಂದ ಆ ಕಡೆಗೆ ಒದ್ದೆ. ಬಸ್ಸಿನ ಅಡಿಯಿಂದ ನಗು ಕೇಳಿಸಿತು. "ಉರೀತಲ್ಲ? ಮಧ್ಯಾಹ್ನ ನಮಗೂ ಹಾಗೇ ಉರೀತು. ಈಗ ಲೆಕ್ಕ ಚುಕ್ತಾ," ಎಂದಿತು ಆ ದನಿ. ಆ ಕಾಲುಗಳನ್ನು ನಾನು ಮದುವೆಯಾದೆ. ಹಳಬರೆಲ್ಲ ಅವರನ್ನು ಬಲ್ಲಿರಿ. ಅವರ ವಿಷಯ ಜಾಸ್ತಿ ಮಾತಾಡಬಾರದು ಎಂದುಕೊಂಡೇ ಮೈಕು ಹಿಡಿದೆ.

ಅವರು ಅಪ್ಪಟ ನಾಳೆಪುರದವರು. ಇಂಜಿನ್ನಿನ ವಿಷಯಕ್ಕೆ ಇವತ್ತು, ಮಿಕ್ಕಿದ್ದೆಲ್ಲಕ್ಕೂ ನಾಳೆ. ಅಡುಗೆಮನೆಗೆ ಒಂದು ಹಲಗೆ ಹಾಕಿಕೊಡಿ ಎಂದರೆ ನಾಳೆ. ಬಾಗಿಲ ಚಿಲಕ ಸರಿಮಾಡಿ ಎಂದರೆ ನಾಳೆ. ನಾನು ಹೊಟ್ಟೆಯಿಂದ ಕೂಗುತ್ತಿದ್ದೆ. ಅವರು, "ನಿಧಾನ ಮಾರಾಯ್ತಿ, ಬೀದಿಗೆಲ್ಲ ಗೊತ್ತಾಗುತ್ತೆ ನಮ್ಮನೇಲಿ ಹಲಗೆ ಇಲ್ಲ ಅಂತ," ಎನ್ನುತ್ತಿದ್ದರು. ಬೀದಿಗೆಲ್ಲ ಗೊತ್ತಾಗಿತ್ತು. ಹಲಗೆ ಹಾಕುವ ಮೊದಲೇ ಅವರು ಹೋದರು. ಬೆಳಿಗ್ಗೆ ಕೆಲಸಕ್ಕೆಂದು ಹೋದವರು, ವರ್ಕ್‌ಶಾಪಿನಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ನಾನು ಆಗ ಮೇಲೆ ಗೂಡಿನಲ್ಲಿ ಬೆವರುಸೀಮೆಯ ಬಸ್ಸು ಕೂಗುತ್ತಿದ್ದೆ. ಕೂಗಿ ಮುಗಿಸಿದೆ. ಎರಡನೇ ಸಲವೂ ಕೂಗಿದೆ. ಆಮೇಲೆ ಕಂಟ್ರೋಲರು ಬಂದು ನನ್ನ ಕೈಯಿಂದ ಮೈಕು ತೆಗೆದಿಟ್ಟರು.

ಕ್ಷಮಿಸಿ. ಸ್ವಲ್ಪ ನೀರು ಕುಡಿಯುತ್ತೇನೆ.

ನಾನು ಹೇಳಲು ಹೊರಟದ್ದು ಇದಲ್ಲ. ಹೇಳಲು ಹೊರಟದ್ದು ಇಷ್ಟೇ. ಅವರು ಹೋದಮೇಲೆ ಬಂದವರೆಲ್ಲ ನನಗೆ ಸಮಾಧಾನ ಹೇಳಿದರು. ಧೈರ್ಯ ತಂದುಕೋ ಎಂದರು, ದೇವರಿದ್ದಾನೆ ಎಂದರು. ಹೇಳಿ ಹೋದರು. ನಮ್ಮ ಎದುರುಮನೆಯ ದರ್ಜಿ ಅಕ್ಕ, ಅಗೋ ಅಲ್ಲಿ ಕೂತು ಮುಖ ಮುಚ್ಚಿಕೊಳ್ಳುತ್ತಿದ್ದಾರೆ, ಅವರು ಮಾತ್ರ ಏನೂ ಹೇಳಲಿಲ್ಲ. ಸಂಜೆ ಹೊಲಿಗೆ ಮುಗಿಸಿ ಬಂದು ನಮ್ಮ ಜಗಲಿಯ ಮೇಲೆ ಕೂರುತ್ತಿದ್ದರು. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಬಂದುಬಿಡುತ್ತಿದ್ದರು, ಹಾಗಾಗಿ ಮಾತಾಡಲು ಅವರಿಗೆ ಆಗುತ್ತಲೂ ಇರಲಿಲ್ಲ. ಕತ್ತಲಾದ ಮೇಲೆ ಎದ್ದು, ಪಿನ್ನು ತೆಗೆದು, "ನಾಳೆ ಬರ್ತೀನಿ," ಎನ್ನುತ್ತಿದ್ದರು. ಬರುತ್ತಿದ್ದರು ಸ್ವಾಮಿ! ಜಗತ್ತಿನಲ್ಲಿ ಎಲ್ಲರೂ ನಾಳೆಪುರದವರು ಮಾತಿಗೆ ನಿಲ್ಲುವುದಿಲ್ಲ ಎನ್ನುತ್ತಾರೆ. ಆ ಹೆಂಗಸು ಒಂದು ಸಂಜೆಯೂ ತಪ್ಪಿಸಲಿಲ್ಲ. ಬದುಕಬೇಕು ಎಂದು ನನಗೆ ಮತ್ತೆ ಅನ್ನಿಸಿದ್ದು ಆ ಜಗಲಿಯ ಮೇಲೆ.

ಹೆಸರನ್ನು ಸರ್ಕಾರ ಇಡುತ್ತದೆ. ಅಡ್ಡಹೆಸರನ್ನು ಇಡುವವರು ಯಾರು? ನಮ್ಮ ಜೊತೆ ಏಗಿದವರು. ನಮಗಾಗಿ ಕಾದು ಕಾದು ಸಾಕಾದವರು, ನಮ್ಮ ಮನೆಗೆ ಹೆಣ್ಣು ಕೊಟ್ಟವರು, ನಮ್ಮ ಪಕ್ಕದ ಸೀಟಿನಲ್ಲಿ ಕೂತು ನಮ್ಮ ಗಲಾಟೆ ಸಹಿಸಿದವರು. ಗುರುತು ಪರಿಚಯವಿಲ್ಲದ ಊರಿಗೆ ಯಾರೂ ಅಡ್ಡಹೆಸರು ಇಡುವುದಿಲ್ಲ. ನಮ್ಮ ಮಾರ್ಗದಲ್ಲೇ ಒಂದು ಸ್ಟಾಪಿದೆ, ದೊಡ್ಡ ರಸ್ತೆಯ ಪಕ್ಕ ಹೊಸದಾಗಿ ಎದ್ದ ಬಡಾವಣೆ. ಚೆಂದದ ಮನೆಗಳು, ಅಗಲದ ರಸ್ತೆಗಳು. ಅದಕ್ಕೆ ಸರ್ಕಾರಿ ಹೆಸರು ಮಾತ್ರ ಇದೆ. ಅಲ್ಲಿ ಇಳಿಯುವವರು ಹಿಂದೆ ತಿರುಗಿ ಡ್ರೈವರಿಗೆ ಕೈ ಬೀಸುವುದಿಲ್ಲ. ಡ್ರೈವರೂ ಅವರನ್ನು ಕೆಣಕುವುದಿಲ್ಲ. ಅಧ್ಯಕ್ಷರೇ, ನೀವು ಕಮಾನು ಕಟ್ಟಿಸಿ, ಚೆನ್ನಾಗಿ ಕಟ್ಟಿಸಿ. ಆದರೆ ನಾಳೆಪುರವನ್ನು ಅಳಿಸಬೇಡಿ. ನಮ್ಮನ್ನು ಬಲ್ಲವರು ಇದ್ದಾರೆ ಎನ್ನುವುದಕ್ಕೆ ಇರುವ ಗುರುತು ಅದೊಂದೇ.

ನೋಡಿ, 'ನಮ್ಮನ್ನು' ಎಂದೆ. ನಾನು ಯಾವಾಗ ಈ ಊರಿನವಳಾದೆ? ಅದನ್ನೇ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಅಂಥ ದಿನಕ್ಕೆ ಯಾರೂ ಆದೇಶಪತ್ರ ಕೊಡುವುದಿಲ್ಲ. ನನಗೆ ನೆನಪಿರುವುದು ಒಂದೇ ಸಂಗತಿ. ಕೆಲವು ವರ್ಷಗಳ ಹಿಂದೆ ದೊಡ್ಡಪ್ಪನೂರಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದಿದ್ದರು. ಕ್ಯಾಂಟೀನಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, "ಏನಮ್ಮ, ನಿಮ್ಮ ನಾಳೆಪುರದಲ್ಲಿ ಇವತ್ತಿನ ಬಸ್ಸು ಇವತ್ತೇ ಹೊರಡುತ್ತೋ?" ಎಂದರು. ನಾನು ಲೋಟ ಕೆಳಗಿಟ್ಟೆ. "ಸಾರ್, ಅದನ್ನ ನಾವು ಹೇಳ್ಕೋಬೇಕು, ನೀವಲ್ಲ," ಎಂದೆ. ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಅಧಿಕಾರಿಗಳು ಮಾತು ಬದಲಿಸಿದರು. ಅಂದು ನನಗೆ ಟೀ ಎರಡು ಸಲ ಬಂತು, ಕೇಳದೆಯೇ.

ಇನ್ನು ನನ್ನ ಅಣ್ಣನ ವಿಷಯ. ಇವತ್ತು ಈ ಸಭೆ ಮುಗಿದ ಮೇಲೆ ನಾನು ಅವನ ಜೊತೆ ಕಿವುಡೂರಿಗೆ ಹೊರಡುತ್ತೇನೆ ಎಂದು ನಿಮಗೆಲ್ಲ ಗೊತ್ತು. ಹೊರಗೆ ಲಾರಿ ನಿಂತಿದೆ, ನನ್ನ ಸಾಮಾನೆಲ್ಲ ಅದರಲ್ಲಿದೆ. ನಮ್ಮ ಯಜಮಾನರು ತೀರಿಕೊಂಡಾಗಲೇ ಅಣ್ಣ ನನ್ನನ್ನು ಕರೆದಿದ್ದ. ನಾನು, "ರಿಟೈರ್ ಆದ್ಮೇಲೆ ಬರ್ತೀನಿ ಅಣ್ಣ," ಎಂದಿದ್ದೆ. ಅದು ನಾಳೆಪುರದ ಮಾತು. ಇಲ್ಲಿಯವರಾದರೆ ಅರ್ಥ ಮಾಡಿಕೊಳ್ಳುತ್ತಿದ್ದರು. ಅಣ್ಣ ಕಿವುಡೂರಿನವನು, ಅಲ್ಲಿ ಕೂಗಿ ಹೇಳಿದ ಮಾತು ಹೇಳಿದ ಮಾತೇ. ಅವನು ಅಂದಿನಿಂದ ಕಾದ. ಮನೆಯ ಮೇಲೆ ನನಗೆಂದೇ ಒಂದು ಕೋಣೆ ಕಟ್ಟಿಸಿದ. ನನಗೆ ಬೀದಿ ನೋಡುವುದು ಇಷ್ಟವೆಂದು ಕಿಟಕಿಯನ್ನು ಬೀದಿಯ ಕಡೆಗೆ ಇಡಿಸಿದ. ಅತ್ತಿಗೆ ಅದಕ್ಕೆ ನೀಲಿ ಪರದೆ ಹಾಕಿದ್ದಾರಂತೆ. ಇಂಥ ಅಣ್ಣ ಯಾರಿಗಿದ್ದಾನೆ? ನಾನು ಹೊರಡಲೇಬೇಕೆಂದು ನಿರ್ಧಾರ ಮಾಡಿದ್ದೆ. ನಿರ್ಧಾರ ಮಾಡಿದ್ದೆ ಎನ್ನುವುದಕ್ಕಿಂತ, ಬೇಡ ಎನ್ನಲು ನನಗೆ ಬಾಯಿ ಬಂದಿರಲಿಲ್ಲ.

ನಾನು ಊರಿಗೆ ಹೋದಾಗಲೆಲ್ಲ ಬೀದಿಯ ಮಕ್ಕಳು, "ನಾಳೆಪುರದ ಅತ್ತೆ ಬಂದ್ರು!" ಎಂದು ಕೂಗಿಕೊಂಡು ಓಡುತ್ತವೆ. ಇಲ್ಲಿ ಕೆಲವರಿಗೆ ನಾನು ಇವತ್ತಿಗೂ 'ಕಿವುಡೂರಮ್ಮ'. ಅಲ್ಲಿಗೆ ಹೋದರೆ ಇಲ್ಲಿಯವಳು, ಇಲ್ಲಿದ್ದರೆ ಅಲ್ಲಿಯವಳು. ಪಾಪ ಎನ್ನಬೇಡಿ, ಎರಡು ಕಡೆಯೂ ಊಟ ಸಿಗುತ್ತದೆ. ಆದರೂ ಮನುಷ್ಯನಿಗೆ ತಾನು ಎಲ್ಲಿಯವನು ಎಂದು ಯಾರಾದರೂ ಒಂದು ಸಲ ಖಡಾಖಂಡಿತವಾಗಿ ಹೇಳಿದರೆ ಚೆನ್ನ ಎನ್ನಿಸುತ್ತದೆ. ಇವತ್ತು ಬೆಳಿಗ್ಗೆ ನನಗೆ ಹೇಳಿದರು.

ಮನೆಯ ಮುಂದೆ ಲಾರಿಗೆ ಸಾಮಾನು ಏರಿಸುತ್ತಿದ್ದೆವು. ಮಂಚ ಬಿಚ್ಚಿ ಹಾಕಿಯಾಗಿತ್ತು, ಬೀರು ಏರಿಸಿಯಾಗಿತ್ತು. ಅಣ್ಣ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದ, ನಾನು ಕೆಳಗೆ ಇನ್ನೊಂದು ತುದಿ ಹಿಡಿದಿದ್ದೆ. ಅವನು ಪಕ್ಕದಲ್ಲೇ ನಿಂತ ಲಾರಿ ಡ್ರೈವರಿಗೆ ಹಗ್ಗ ಎಲ್ಲಿ ಬಿಗಿಯಬೇಕೆಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಕೂಗಿ ಹೇಳುತ್ತಿದ್ದ. ಡ್ರೈವರು ಕಿವಿ ಮುಚ್ಚಿಕೊಂಡು, "ಯಾಕ್ರೀ ಇಷ್ಟು ಜೋರು?" ಎಂದ. ನಾನು ನಕ್ಕು, "ಏನ್ ಮಾಡೋದಪ್ಪ, ಕಿವುಡೂರಿನವರು, ಅವರಿಗೆ ಮೆಲ್ಲಗೆ ಮಾತಾಡೋಕೆ ಬರಲ್ಲ," ಎಂದೆ. ಹುಟ್ಟಿದಾಗಿನಿಂದ ಆಡಿದ ತಮಾಷೆ ಇದು. ಅಣ್ಣನೇ ಸಾವಿರ ಸಲ ಆಡಿದ್ದಾನೆ. ಅವನು ಹಗ್ಗ ಬಿಟ್ಟು ನನ್ನ ಕಡೆ ತಿರುಗಿದ. ಮುಖ ಕೆಂಪಾಗಿತ್ತು.

"ನಮ್ಮೂರಿಗೆ ಹಾಗನ್ನಬೇಡ ಪುಟ್ಟಿ. ನಿಮ್ಮೂರಿನವರಿಗೆ ಇದೊಂದು ಚಟ. ನಮ್ಮನ್ನ ಆಡ್ಕೊಂಡು ನಗೋದು."

ಹೇಳಿ ಮತ್ತೆ ಹಗ್ಗ ಎಳೆಯತೊಡಗಿದ. ತಾನು ಏನಂದೆ ಎನ್ನುವುದು ಅವನ ಗಮನಕ್ಕೇ ಬರಲಿಲ್ಲ. ನನ್ನನ್ನು ಕರೆದುಕೊಂಡು ಹೋಗಲೆಂದು ಬಂದವನು, ನನ್ನ ಪಾತ್ರೆ ಪಡಗ ಕಟ್ಟುತ್ತಿರುವವನು, ನನ್ನನ್ನು ಎತ್ತಿ ಆಡಿಸಿದವನು, ಆ ಹೊತ್ತಿನಲ್ಲಿ ಬೇರೆ ಊರಿನ ಹೆಂಗಸಿಗೆ ಉತ್ತರ ಕೊಡುವ ಹಾಗೆ ಕೊಟ್ಟ. ಸುಳ್ಳು ಹೇಳುವುದಿಲ್ಲ, ಬಹಳ ನೋವಾಯಿತು. ಅಲ್ಲಿಂದ ಇಲ್ಲಿಯವರೆಗೆ ಅದನ್ನೇ ಯೋಚಿಸುತ್ತಿದ್ದೇನೆ. ಅಧ್ಯಕ್ಷರು ಮಾತಾಡುವಾಗಲೂ ಅದೇ ಯೋಚನೆ, ಅರ್ಧ ಭಾಷಣ ನನಗೆ ಕೇಳಲಿಲ್ಲ, ಮನ್ನಿಸಬೇಕು. ಈಗಲೂ ಈ ಮಾತನ್ನು ಇಷ್ಟು ಜನರ ಮುಂದೆ ಯಾಕೆ ಆಡುತ್ತಿದ್ದೇನೆ? ಮನೆಯಲ್ಲಿ ಆಡಿದರೆ ನಮ್ಮಿಬ್ಬರಲ್ಲಿ ಅವನ ದನಿಯೇ ಮೇಲು. ಇಲ್ಲಿ ಮೈಕು ನನ್ನ ಕೈಯಲ್ಲಿದೆ.

ಅಣ್ಣಾ, ನಾನು ಬರಲ್ಲ.

ಎದ್ದೇಳ್ಬೇಡ, ಕೂತ್ಕೋ. ಪೂರ್ತಿ ಕೇಳು. ನಿನ್ ಮೇಲೆ ಕೋಪ ಮಾಡ್ಕೊಂಡು ಹೇಳ್ತಿಲ್ಲ. ಬೆಳಿಗ್ಗೆ ನೀನು ತಪ್ಪೇನೂ ಆಡ್ಲಿಲ್ಲ, ಇರೋದನ್ನೇ ಅಂದೆ. ಅದಕ್ಕೇ ನಂಗೆ ಸಂಕಟ ಆಯ್ತು. ಅಪ್ಪನ ಜಾಗದಲ್ಲಿ ನಿಂತು ನನ್ನ ಸಾಕಿದೀಯ. ನಿನ್ ಮಾತು ಮೀರ್ತಿರೋದು ಇದೇ ಮೊದಲು ಅಂತ ಹೇಳಲ್ಲ, ಮದುವೆಯಲ್ಲೂ ಮೀರಿದೀನಿ. ಆಗ ನೀನು ಮೂರು ದಿನ ಊಟ ಬಿಟ್ಟು, ನಾಲ್ಕನೇ ದಿನ ನೀನೇ ಬಂದು ಮುಂದೆ ನಿಂತು ಮದುವೆ ಮಾಡ್ಸಿದೆ. ನಂಗೆ ಆ ಕೋಣೆ ಬೇಡ ಅಂತಲ್ಲ ಅಣ್ಣಾ. ಅಲ್ಲಿ ನಾನು ಕಿಟಕಿ ಹತ್ರ ಕೂತು ಬೀದಿ ನೋಡ್ತಿದ್ರೆ, ಬೀದಿಯ ಜನ ನನ್ನ ನೋಡಿ, ಇವರ ಮನೆಗೆ ಯಾರೋ ಬಂದಿದಾರೆ ಅಂದ್ಕೋತಾರೆ. ಬಂದವರು ಯಾವಾಗ ಹೋಗ್ತಾರೆ ಅಂತಾನೂ ಕೇಳ್ತಾರೆ. ನಂಗೆ ಹೋಗೋಕೆ ಜಾಗ ಇರಲ್ಲ.

ಬಂದು ಹೋಗ್ತೀನಿ. ವರ್ಷಕ್ಕೆ ನಾಲ್ಕು ಸಲ ಬೇಕಾದ್ರೆ ಬರ್ತೀನಿ, ಅತ್ತಿಗೆಗೆ ಸಾಕು ಸಾಕು ಅನ್ನಿಸೋ ಅಷ್ಟು ದಿನ ಇರ್ತೀನಿ. ಬಂದಾಗ ನಿಮ್ಮೂರಿನ ಬಗ್ಗೆ ಒಂದು ಮಾತೂ ಆಡಲ್ಲ. ಆದ್ರೆ ನಂದೂ ಒಂದು ಕೇಳಿಕೆ ಇದೆ, ನೀನು ಇಲ್ಲ ಅನ್ನಬಾರದು. ಇಷ್ಟು ವರ್ಷದಲ್ಲಿ ನೀನು ಇಲ್ಲಿಗೆ ಎಷ್ಟೋ ಸಲ ಬಂದೆ, ಒಂದು ರಾತ್ರಿನೂ ಉಳೀಲಿಲ್ಲ. ಬೆಳಗಿನ ಬಸ್ಸಿಗೆ ಬರೋದು, ಸಂಜೆ ಬಸ್ಸಿಗೆ ಹೋಗೋದು. ನಿನ್ನ ಬಸ್ಸನ್ನ ನಾನೇ ಮೇಲೆ ಕೂತು ಕೂಗಿ ಕಳಿಸ್ತಿದ್ದೆ, ಕೂಗಿ ಮುಗಿಸಿದ ಮೇಲೆ ಬಹಳ ಹೊತ್ತು ಯಾವ ಬಸ್ಸೂ ನಂಗೆ ಕಾಣಿಸ್ತಿರಲಿಲ್ಲ. ತಂಗಿ ಇಲ್ಲಿ ನೌಕರಿಗೆ ಅಂತ ಇದ್ದಾಳೆ, ಅವಳ ಮನೆ ಇರೋದು ನಮ್ಮೂರಲ್ಲಿ, ಇಲ್ಲೇನು ಉಳಿಯೋದು ಅನ್ನೋದು ನಿನ್ನ ಮನಸ್ಸಲ್ಲಿತ್ತು. ನಂಗೆ ಗೊತ್ತಿತ್ತು, ಕೇಳ್ಲಿಲ್ಲ. ಇವತ್ತು ಕೇಳ್ತೀನಿ. ಇವತ್ತು ಹೋಗ್ಬೇಡ. ಮಂಚ ಬಿಚ್ಚಿದೆ, ನೆಲದ ಮೇಲೇ ಮಲಗ್ಬೇಕು. ನಮ್ಮನೇಲಿ ಉಳ್ಕೋ ಅಣ್ಣಾ.

ಸಭಿಕರೇ, ಮನೆಯ ಮಾತನ್ನು ಸಭೆಗೆ ತಂದದ್ದಕ್ಕೆ ಕ್ಷಮೆಯಿರಲಿ. ನನ್ನನ್ನು ಸಹಿಸಿಕೊಂಡ ಡಿಪೋಗೆ, ನನ್ನ ಬಾಯಿಗೆ ಹೆದರಿದ ಕಂಡಕ್ಟರುಗಳಿಗೆ, ಹೆದರದ ಡ್ರೈವರುಗಳಿಗೆ, ಕ್ಯಾಂಟೀನಿನವರಿಗೆ, ನಮ್ಮ ಬೀದಿಗೆ, ಎಲ್ಲರಿಗೂ ನನ್ನ ಕೃತಜ್ಞತೆಗಳು. ಊಟವಾದ ಮೇಲೆ ವರ್ಕ್‌ಶಾಪಿನವರು ನಾಲ್ಕು ಜನ ಲಾರಿಯ ಹತ್ತಿರ ಬಂದರೆ ಉಪಕಾರವಾಗುತ್ತದೆ, ಬೀರು ಇಳಿಸುವುದು ನನ್ನೊಬ್ಬಳ ಕೈಲಾಗುವುದಿಲ್ಲ.

ಅಣ್ಣ ಅಲ್ಲಿಂದ ತಲೆ ಅಲ್ಲಾಡಿಸುತ್ತಿದ್ದಾನೆ. ಆಗಲಿ ಎಂದೋ ಇಲ್ಲ ಎಂದೋ, ಕಣ್ಣು ಮಂಜಾಗಿ ನನಗೆ ಇಲ್ಲಿಂದ ತಿಳಿಯುತ್ತಿಲ್ಲ. ಹಾಸಿಗೆಯನ್ನಂತೂ ಎರಡು ಹಾಸಿಡುತ್ತೇನೆ.

ನಮಸ್ಕಾರ.